ತಟ್ಟೆ ರಾಯರು ಮತ್ತು ಟೆರಾಬೈಟ್ ಅಳಿಯ

ತಟ್ಟೆ ರಾಯರ ಮನೆಯಲ್ಲಿ ಒಂದು ಹಾಡು ಕೇಳಬೇಕೆಂದರೆ ಇಪ್ಪತ್ತು ನಿಮಿಷ ಮೊದಲೇ ಅರ್ಜಿ ಹಾಕಿಕೊಳ್ಳಬೇಕು. ರಾಯರು ಮೊದಲು ಕೈ ತೊಳೆಯುತ್ತಾರೆ. ಸೋಪು ಹಾಕಿ, ಮೊಣಕೈವರೆಗೆ. ಆಮೇಲೆ ಬೀರು ತೆರೆದು, ರೆಕಾರ್ಡನ್ನು ಹೊರಗಿನ ರಟ್ಟಿನ ಕವರಿನಿಂದ ಎಳೆದು, ಒಳಗಿನ ಪೇಪರ್ ಕವರಿನಿಂದ ಜಾರಿಸಿ, ಅಂಚು ಬಿಟ್ಟು ಬೇರೆಲ್ಲೂ ತಾಕದ ಹಾಗೆ ಎರಡು ಅಂಗೈಗಳ ನಡುವೆ ಹಿಡಿಯುತ್ತಾರೆ. "ಸಾಲಿಗ್ರಾಮ ಎತ್ತುವಾಗಲೂ ಇವರಿಗೆ ಇಷ್ಟು ನಾಜೂಕು ಇರಲ್ಲ" ಎಂಬುದು ಮನೆಯಾಕೆಯ ದೂರು. ಬಳಿಕ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯುವುದು; ಗಾರೆ ಕೆಲಸದವರ ರಸಮಟ್ಟವನ್ನು ಟರ್ನ್‌ಟೇಬಲ್ ಮೇಲಿಟ್ಟು, ಗುಳ್ಳೆ ನಡುವಿಗೆ ಬರುವ ತನಕ ಮೇಜಿನ ಕಾಲಿನಡಿಗೆ ಹಳೆಯ ಲಗ್ನಪತ್ರಿಕೆ ಮಡಿಸಿ ತುರುಕುವುದು; ಮುಳ್ಳಿನ ಭಾರ ಎರಡು ಗ್ರಾಮಿನೊಳಗೆ ಇದೆಯೇ ಎಂದು ತೂಗಿ ನೋಡುವುದು. ಈ ತೂಕಕ್ಕೆಂದೇ ಅಕ್ಕಸಾಲಿಗರ ಅಂಗಡಿಯಲ್ಲಿರುವಂಥ ಅಂಗೈಯಗಲದ ತಕ್ಕಡಿಯೊಂದಿದೆ. ಅದು ಡಿಜಿಟಲ್. ಆ ಕೋಣೆಗೆ ಪ್ರವೇಶವಿರುವ ಡಿಜಿಟಲ್ ವಸ್ತು ಅದೊಂದೇ. ಅದನ್ನೂ ಕೆಲಸ ಮುಗಿದ ಕೂಡಲೇ ಡ್ರಾಯರಿಗೆ ಹಾಕಿ ಮುಚ್ಚಿಬಿಡುತ್ತಾರೆ.

ಇಷ್ಟಾದ ಮೇಲೆ ಮುಳ್ಳು ಕೂರುತ್ತದೆ. ಚರಚರ ಸದ್ದು. "ಆಹಾ, ಕೇಳಿಸ್ತಾ?" ಎನ್ನುತ್ತಾರೆ ರಾಯರು, ಕಣ್ಣು ಮುಚ್ಚಿಕೊಂಡು.

ಹಾಡು ಇನ್ನೂ ಶುರುವಾಗಿರುವುದಿಲ್ಲ.

ತಟ್ಟೆ ರಾಯರು ಒಬ್ಬರೇ ಇದ್ದಾರೆಂದು ತಿಳಿಯಬೇಡಿ. ಬಸವನಗುಡಿಗೆ ಇಬ್ಬರು, ಮಲ್ಲೇಶ್ವರಕ್ಕೆ ಮೂವರು, ಧಾರವಾಡದಲ್ಲಿ ಓಣಿಗೊಬ್ಬರಂತೆ ಇವರು ಹರಡಿದ್ದಾರೆ. ಬೆಂಗಳೂರಿನವರನ್ನು ನೋಡಬೇಕೆಂದರೆ ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಹೋಗಬೇಕು. ಹಳೆಯ ಸ್ಕ್ರೂಡ್ರೈವರ್, ಒಂಟಿ ಬೂಟು, ಬಾಗಿಲ ಹಿಡಿಕೆ, ಫೋನ್ ಚಾರ್ಜರುಗಳ ರಾಶಿಯ ನಡುವೆ ಕುಕ್ಕರಗಾಲಿನಲ್ಲಿ ಕೂತ, ಕೈಯಲ್ಲಿ ಬಟ್ಟೆಚೀಲವಿರುವ, ಇಸ್ತ್ರಿ ಮಾಡಿದ ಅರ್ಧ ತೋಳಿನ ಶರಟಿನವರೇ ಇವರು. ರೆಕಾರ್ಡು ಕಣ್ಣಿಗೆ ಬಿದ್ದರೂ ನೇರವಾಗಿ ಮುಟ್ಟುವುದಿಲ್ಲ. ಮೊದಲು ತುಕ್ಕು ಹಿಡಿದ ಇಸ್ತ್ರಿಪೆಟ್ಟಿಗೆಯ ಬೆಲೆ ಕೇಳುತ್ತಾರೆ. ಬೇಡವೆಂದು ಕೆಳಗಿಟ್ಟು ಏಳುವಾಗ, ಏನೋ ಈಗ ಕಂಡವರಂತೆ, "ಇದ್ಯಾವುದಪ್ಪಾ ಹಳೇ ಪ್ಲೇಟು, ಹಾಡುತ್ತೋ ಇಲ್ವೋ" ಎನ್ನುತ್ತಾರೆ. ಮಾರುವ ಹುಡುಗ ಅಷ್ಟರಲ್ಲಿ ಮೊಬೈಲಿನಲ್ಲಿ ಅದರ ಫೋಟೊ ತೆಗೆದು, ಲಂಡನ್ನಿನಲ್ಲಿ ಅದಕ್ಕೆಷ್ಟು ರೇಟಿದೆ ಎಂದು ನೋಡಿಕೊಂಡಿರುತ್ತಾನೆ.

ರಾಯರ ಎದುರಾಳಿ ಹೊರಗಿನವನಲ್ಲ, ಸ್ವಂತ ಅಕ್ಕನ ಮಗ. ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸ. ನಾಲ್ಕು ಟೆರಾಬೈಟಿನ ಎರಡು ಹಾರ್ಡ್ ಡಿಸ್ಕುಗಳಲ್ಲಿ ನಲವತ್ತು ಸಾವಿರ ಹಾಡು ಇಳಿಸಿಟ್ಟುಕೊಂಡಿದ್ದಾನೆ. ಎರಡನೆಯದು ಮೊದಲನೆಯದರ ನಕಲು. ಮೂರನೆಯ ನಕಲೊಂದು ಊರಿನಲ್ಲಿ, ಅಮ್ಮನ ಸೀರೆಗಳ ಬೀರುವಿನಲ್ಲಿದೆ. ಅವನ ಶನಿವಾರ ರಾತ್ರಿಗಳೆಲ್ಲ ಫೋಲ್ಡರ್ ಸರಿಪಡಿಸುವುದರಲ್ಲೇ ಕಳೆಯುತ್ತವೆ. ಹಂಸಲೇಖ ಮೂರು ಸ್ಪೆಲ್ಲಿಂಗಿನಲ್ಲಿ ಮೂರು ಜನರಾಗಿದ್ದಾರೆ, ಅವರನ್ನು ಒಬ್ಬರನ್ನಾಗಿ ಮಾಡಬೇಕು. ರಾಜನ್ ನಾಗೇಂದ್ರ ಒಂದು ಕಡೆ ಇಬ್ಬರು, ಇನ್ನೊಂದು ಕಡೆ ಒಬ್ಬರು. ಈ ನಲವತ್ತು ಸಾವಿರದಲ್ಲಿ ಕಾಸು ಕೊಟ್ಟು ಇಳಿಸಿಕೊಂಡದ್ದು ಎಷ್ಟು, ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಪಕ್ಕದ ರೂಮಿನಿಂದ ಹರಿದು ಬಂದದ್ದು ಎಷ್ಟು ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಇಬ್ಬರೂ ಸೇರಿದರೆ ಮೊದಲು ಕಾಫಿ, ಆಮೇಲೆ ಇತಿಹಾಸ. ರಾಯರು ಗೌಹರ್ ಜಾನ್‌ಳಿಂದ ಶುರು ಮಾಡುತ್ತಾರೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲ್ಲೊಂದರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದವನು ಆಕೆಯ ಹಾಡು ಹಿಡಿದದ್ದು, ತಾಸುಗಟ್ಟಲೆ ಬೆಳೆಸುವ ರಾಗವನ್ನು ಆಕೆ ಮೂರೇ ನಿಮಿಷಕ್ಕೆ ಅಡಕ ಮಾಡಿದ್ದು, ಹಾಡು ಮುಗಿಯುತ್ತಿದ್ದಂತೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳಿದ್ದು. ಮೇಣದ ಅಚ್ಚು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಅಲ್ಲಿನ ಕಾರ್ಖಾನೆಯವರಿಗೆ ಹಾಡಿದವರು ಯಾರೆಂದು ಗೊತ್ತಾಗಬೇಕಲ್ಲ. ಆಕೆ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ನಮ್ಮ ಮೈಸೂರಿನಲ್ಲೇ ಕಣ್ಣು ಮುಚ್ಚಿದ್ದನ್ನು ಹೇಳುವಾಗ ರಾಯರ ದನಿ ತುಸು ಗದ್ಗದವಾಗುತ್ತದೆ.

"ಹಾಗಾದ್ರೆ ಮೆಟಾಡೇಟಾ ಕಂಡುಹಿಡಿದಿದ್ದೇ ಗೌಹರ್ ಜಾನ್ ಅನ್ನಿ, ಮಾವ" ಎಂದು ಅಳಿಯ ಒಮ್ಮೆ ಅಂದದ್ದಕ್ಕೆ ರಾಯರು ಎರಡು ವಾರ ಅವನ ಫೋನ್ ಎತ್ತಲಿಲ್ಲ.

ಆ ಕಾಲದ ತಟ್ಟೆಗಳು ಪ್ಲಾಸ್ಟಿಕ್ಕಿನವಲ್ಲ, ಅರಗಿನವು. ಅರಗಿನ ಹುಳು ಮರದ ಕೊಂಬೆಗೆ ಮೆತ್ತಿದ ಅಂಟು ನಮ್ಮ ದೇಶದಿಂದಲೇ ಹೊರಟು, ಜಗತ್ತಿನ ಸಂಗೀತವನ್ನೆಲ್ಲ ಹೊತ್ತು ತಿರುಗಿತು. ಕೈಜಾರಿದರೆ ಮಾತ್ರ ಹಂಚಿನಂತೆ ಚೂರು. ರಾಯರು ಇದನ್ನು ವಿವರಿಸಿದ ದಿನ ಮನೆಯಾಕೆ, ಅಂದರೆ ಅಳಿಯನ ಅತ್ತೆ, ಅಡುಗೆಮನೆಯಿಂದಲೇ ಹೇಳಿದರು: "ಗೊತ್ತಾಯ್ತು ಬಿಡಿ. ಅರಗಿನ ಮನೆ ಕಟ್ಟಿದ್ದೀರಿ. ಬೆಂಕಿ ಕಡ್ಡಿ ನನ್ನ ಹತ್ರಾನೇ ಇದೆ."

ಗುಣಮಟ್ಟದ ಜಗಳಕ್ಕೆ ಇವರಿಬ್ಬರ ಹತ್ತಿರ ಮುಗಿಯದಷ್ಟು ಸರಕಿದೆ. ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿ ಮಾಡಿಡುತ್ತಾರೆ. ರಾಯರ ಪ್ರಕಾರ ಇದು ಈರುಳ್ಳಿ ಹೆಚ್ಚಿದ ಹಾಗೆ. "ಹೆಚ್ಚಿದ ಈರುಳ್ಳಿ ಮತ್ತೆ ಗಡ್ಡೆ ಆಗುತ್ತೇನೋ?" ಅಳಿಯ ಸಮಾಧಾನದಿಂದ, "ಆಗುತ್ತೆ ಮಾವ, ಮನುಷ್ಯನ ಕಿವಿಗೆ ಕೇಳಿಸೋದು ಇಪ್ಪತ್ತು ಸಾವಿರ ಹರ್ಟ್ಸ್‌ವರೆಗೆ. ಅದರ ಎರಡರಷ್ಟು ಸಲ ಅಳೆದರೆ ಏನೂ ಕಳೆದುಹೋಗಲ್ಲ, ಗಣಿತ ಇದೆ. ಅರವತ್ತು ದಾಟಿದವರಿಗೆ ಅಷ್ಟೂ ಬೇಕಾಗಲ್ಲ" ಎನ್ನುತ್ತಾನೆ. ಕೊನೆಯ ವಾಕ್ಯ ಹೇಳದಿದ್ದರೆ ಗಣಿತ ಗೆಲ್ಲುತ್ತಿತ್ತೇನೋ.

ಎಂಪಿತ್ರೀ ಎಂದರಂತೂ ರಾಯರಿಗೆ ಮೈಲಿಗೆ. ಸಿಡಿಯಲ್ಲಿ ಸುಮಾರು 40 ಎಂಬಿ ತೂಗುವ ನಾಲ್ಕು ನಿಮಿಷದ ಹಾಡು 128 ಕಿಲೋಬಿಟ್ಟಿನ ಎಂಪಿತ್ರೀ ಆದಾಗ 4 ಎಂಬಿಗೆ ಇಳಿಯುತ್ತದೆ. ಕಿವಿ ಹೇಗೂ ಗಮನಿಸದ ಭಾಗವನ್ನು ಕೈಬಿಡುವುದು ಅದರ ಉಪಾಯ. ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಇದನ್ನು ಹದಗೊಳಿಸುವಾಗ ಸುಝಾನ್ ವೇಗಾ ವಾದ್ಯಗಳಿಲ್ಲದೆ ಹಾಡಿದ ಹಾಡೊಂದನ್ನು ಮತ್ತೆ ಮತ್ತೆ ಕೇಳಿ ತಿದ್ದಿದರಂತೆ. "ಕಿವಿಗೆ ಕೇಳಿಸದ್ದನ್ನ ಬಿಡ್ತಾರಂತೆ. ಯಾರ ಕಿವಿಗೆ? ಆ ಜರ್ಮನಿಯವನಿಗೆ ತಂಬೂರಿ ಕೇಳಿಸುತ್ತೇನೋ?" ಅಳಿಯನೂ ಇಲ್ಲಿ ಮಾವನ ಪಕ್ಷವೇ. ಅವನು ಎಂಪಿತ್ರೀಯನ್ನು ಎಂದೋ ಬಿಟ್ಟು, ಏನನ್ನೂ ಎಸೆಯದ ಫ್ಲ್ಯಾಕ್ ಮತಕ್ಕೆ ಸೇರಿದ್ದಾನೆ. ಹೊಸದಾಗಿ ಮತಾಂತರವಾದವರ ಉಗ್ರತೆ ಅವನಲ್ಲಿದೆ.

ಇಬ್ಬರೂ ಒಂದಾಗುವ ಇನ್ನೊಂದು ಸಂದರ್ಭ ರಾಯರ ಮಗಳು ಎದುರಿಗೆ ಬಂದಾಗ. ಆಕೆ ಏನನ್ನೂ ಕೊಳ್ಳುವುದಿಲ್ಲ, ಇಳಿಸಿಕೊಳ್ಳುವುದೂ ಇಲ್ಲ. ತಿಂಗಳಿಗಿಷ್ಟು ಕಟ್ಟಿ ಬಸ್ಸಿನಲ್ಲಿ ಕೇಳುತ್ತಾಳೆ. "ಬಾಡಿಗೆ ಮನೆ" ಎನ್ನುತ್ತಾನೆ ಅಳಿಯ. "ಲಾಡ್ಜು" ಎನ್ನುತ್ತಾರೆ ರಾಯರು. ಆಕೆಗೆ ಎರಡೂ ಕೇಳಿಸುವುದಿಲ್ಲ, ಕಿವಿಯಲ್ಲಿ ಹಾಡಿರುತ್ತದೆ.

ಡೌನ್‌ಲೋಡಿನವರ ಬಾಯಿ ಮುಚ್ಚಿಸಲು ರಾಯರು ಮೈಸ್ಪೇಸ್ ಎಂಬ ಜಾಲತಾಣದ ಕಥೆ ಇಟ್ಟುಕೊಂಡಿದ್ದಾರೆ. ಹನ್ನೆರಡು ವರ್ಷ ಜನ ಅಲ್ಲಿ ಏರಿಸಿದ್ದ ಐದು ಕೋಟಿಗೂ ಹೆಚ್ಚು ಹಾಡುಗಳು ಸರ್ವರ್ ಬದಲಾಯಿಸುವಾಗ ಅಳಿಸಿಹೋದವೆಂದು 2019ರಲ್ಲಿ ಸುದ್ದಿಯಾಯಿತು. "ನನ್ನ ಬೀರುವಿನಲ್ಲಿ ಐದು ಕೋಟಿ ಇಲ್ಲಪ್ಪ, ನಿಜ. ಆದರೆ ಇರೋವು ಇವೆ." ಇರುವುವೂ ಪೂರ್ತಿ ಇಲ್ಲ ಎನ್ನುವುದು ಅತ್ತೆಯ ತಿದ್ದುಪಡಿ. ಒಂದು ಮಳೆಗಾಲ ಬೀರುವಿನ ಕೆಳಗಿನ ಅರೆಗೆ ಗೆದ್ದಲು ಹತ್ತಿ, ಕವರುಗಳನ್ನು ತಿಂದು ತಟ್ಟೆಗಳನ್ನು ಬಿಟ್ಟಿತು. ಗಾಯಕಿಯೊಬ್ಬರ ಚಿತ್ರದಲ್ಲಿ ಮೂಗುತಿ ಮಾತ್ರ ಉಳಿದಿದೆ. ಇನ್ನೊಂದು ಎಲ್‌ಪಿ ಮೇ ತಿಂಗಳ ಕಿಟಕಿ ಬಿಸಿಲಿಗೆ ಹಪ್ಪಳದ ಹಾಗೆ ಸೊಟ್ಟಗಾಗಿ, ಅದರ ಮೇಲೆ ಮುಳ್ಳು ದೋಣಿಯಂತೆ ಏರಿಳಿಯುತ್ತದೆ.

ಅಳಿಯನಿಗೂ ಒಂದು ಅಸ್ತ್ರ ಸಿಕ್ಕಿತು, 2022ರ ಜುಲೈನಲ್ಲಿ. ಅಮೆರಿಕದ ಮೊಬೈಲ್ ಫಿಡೆಲಿಟಿ ಎಂಬ ಕಂಪನಿಯ ದುಬಾರಿ ಎಲ್‌ಪಿಗಳೆಂದರೆ ಕಿವಿವಂತರಿಗೆ ಪ್ರಸಾದ. ಮೂಲ ಟೇಪಿನಿಂದ ತಟ್ಟೆಯವರೆಗೆ ಎಲ್ಲೂ ಡಿಜಿಟಲ್ ಸೋಂಕಿಲ್ಲ ಎಂದೇ ಅವರೆಲ್ಲ ನಂಬಿದ್ದರು. ಅರಿಜೋನಾದ ರೆಕಾರ್ಡ್ ಅಂಗಡಿಯವನೊಬ್ಬ ಗುಟ್ಟು ಬಿಚ್ಚಿದ: ನಡುವೆ ಒಂದು ಡಿಜಿಟಲ್ ಹೆಜ್ಜೆ ಇದೆ, ಅದೂ ಎಷ್ಟೋ ವರ್ಷಗಳಿಂದ. ಕಂಪನಿ ಒಪ್ಪಿಕೊಂಡಿತು. ಡಿಜಿಟಲ್ಲಿನ ವಾಸನೆ ಮೈಲಿ ದೂರದಿಂದ ಹಿಡಿಯುತ್ತೇವೆಂದಿದ್ದವರು ವರ್ಷಗಟ್ಟಲೆ ಅದನ್ನೇ ಕೇಳಿ ತಲೆದೂಗಿದ್ದರು. ಸುದ್ದಿ ಓದಿದ ದಿನ ಅಳಿಯ ಮೈಸೂರುಪಾಕಿನ ಡಬ್ಬಿ ಹಿಡಿದುಕೊಂಡೇ ಬಂದ. ರಾಯರು ಮೈಸೂರುಪಾಕು ತಿಂದರು, ಬಾಯಿ ಒರೆಸಿಕೊಂಡರು, "ಅದಕ್ಕೇ ನಾನು ಹೊಸದು ಕೊಳ್ಳಲ್ಲ" ಅಂದರು.

ಆದರೂ ಅದೇ ವರ್ಷದ ಲೆಕ್ಕ ರಾಯರ ಕೈಹಿಡಿಯಿತು. ಅಮೆರಿಕದಲ್ಲಿ 2022ರಲ್ಲಿ 4.1 ಕೋಟಿ ವಿನೈಲ್ ರೆಕಾರ್ಡುಗಳು ಹೋದರೆ, ಹೋದ ಸಿಡಿಗಳು 3.3 ಕೋಟಿ. 1987ರ ನಂತರ ಎಣಿಕೆಯಲ್ಲಿ ತಟ್ಟೆ ಸಿಡಿಯನ್ನು ಹಿಂದೆ ಹಾಕಿದ್ದು ಅದೇ ಮೊದಲು. ರಾಯರು ಇದನ್ನು ಪ್ರಿಂಟ್ ತೆಗೆಸಿ ಬೀರುವಿನ ಬಾಗಿಲಿಗೆ ಅಂಟಿಸಿದರು. ಅಳಿಯ ಕೆಳಗೊಂದು ಚೀಟಿ ಸೇರಿಸಿದ: ಲ್ಯುಮಿನೇಟ್ ಸಂಸ್ಥೆಯ 2023ರ ಸಮೀಕ್ಷೆಯ ಪ್ರಕಾರ ಅಲ್ಲಿ ವಿನೈಲ್ ಕೊಳ್ಳುವವರಲ್ಲಿ ಅರ್ಧದಷ್ಟು ಜನರ ಬಳಿ ಅದನ್ನು ಹಾಕುವ ಪ್ಲೇಯರೇ ಇಲ್ಲ. ಅತ್ತೆ ಚೀಟಿಯನ್ನು ಓದಿ, ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಏಳು ಎಲ್‌ಪಿಗಳತ್ತ ಬೆರಳು ತೋರಿಸಿದರು. "ಅವನ್ನ ಒಡೀಬಾರದು ಕಣೇ, ಬೆಲೆ ಬಿದ್ಹೋಗುತ್ತೆ" ಎಂದರು ರಾಯರು. ಅಳಿಯ ನಕ್ಕ. ಅವನ ಲ್ಯಾಪ್‌ಟಾಪಿನಲ್ಲಿ ಪ್ರತಿ ಹಾಡಿನ ಮುಂದೆ ಎಷ್ಟು ಸಲ ಕೇಳಿದ್ದೆಂಬ ಅಂಕಿ ಬರುತ್ತದೆ. ಪುಟಗಟ್ಟಲೆ ಸೊನ್ನೆಗಳು ಮಲ್ಲಿಗೆ ಮಾಲೆ ಹಾಗೆ ಇಳಿಬಿದ್ದಿರುವುದನ್ನು ಅತ್ತೆ ಇನ್ನೂ ನೋಡಿಲ್ಲ.

ಈ ಇಬ್ಬರ ಗದ್ದಲದಲ್ಲಿ ಮೂಲೆಗೆ ಬಿದ್ದದ್ದು ಕ್ಯಾಸೆಟ್. ಅಟ್ಟದ ಮೇಲೆ ಎರಡು ರಟ್ಟಿನ ಪೆಟ್ಟಿಗೆ ತುಂಬ ಇವೆ. ಸುರುಳಿಗೆ ಬೂಷ್ಟು ಹಿಡಿದಿದೆ. ರಾಯರಿಗೆ ಅವು ಕೀಳು, ಅಳಿಯನಿಗೆ ಕಸ. ನಿಜ ಹೇಳಬೇಕೆಂದರೆ ಕನ್ನಡದ ಹಾಡು ಮನೆಮನೆ ಹೊಕ್ಕದ್ದು ಈ ಬಡಪಾಯಿಯ ಬೆನ್ನೇರಿ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಹಾಕಿದ ನಿತ್ಯೋತ್ಸವ 1978ರಲ್ಲಿ ಬಂದಾಗ ಭಾವಗೀತೆ ವೇದಿಕೆಯಿಂದಿಳಿದು ಅಡುಗೆಮನೆಯ ಟೂ-ಇನ್-ಒನ್‌ಗೆ ಬಂತು. 1987ರ ಪ್ರೇಮಲೋಕ ಕ್ಯಾಸೆಟ್ಟು ಇಲ್ಲದ ಹೋಟೆಲ್ ಇರಲಿಲ್ಲ. ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವ ಅಂಗಡಿಗಳಿದ್ದವು. ಬಿ ಸೈಡಿನ ಕೊನೆಯ ಹಾಡು ಯಾವಾಗಲೂ ಪಲ್ಲವಿಗೇ ಕಡಿದುಹೋಗುತ್ತಿತ್ತು, ಮತ್ತು ಆ ತಲೆಮಾರಿನವರು ಇಂದಿಗೂ ಆ ಹಾಡನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಅದೇ ಅಂಗಡಿಗಳು ಮುಂದೆ ಮೊಬೈಲ್ ಅಂಗಡಿಗಳಾಗಿ, "ಮೆಮೊರಿ ಕಾರ್ಡಿಗೆ ಹಾಡು ಹಾಕಿಕೊಡಲಾಗುವುದು" ಎಂಬ ಬೋರ್ಡು ತಗುಲಿಸಿದವು. ಕಬ್ಬಿನ ಟ್ರ್ಯಾಕ್ಟರಿನ ಪೆನ್‌ಡ್ರೈವಿನಲ್ಲಿ ಅಬ್ಬರಿಸುವ ಜಾನಪದಕ್ಕೆ ರಾಯರ ರಸಮಟ್ಟವೂ ಬೇಡ, ಅಳಿಯನ ಫ್ಲ್ಯಾಕೂ ಬೇಡ. ಸುರುಳಿ ಹೋಗಿ ಇಷ್ಟು ವರ್ಷವಾದರೂ ಗಾಂಧಿನಗರದವರು ಮಾತ್ರ 'ಧ್ವನಿಸುರುಳಿ ಬಿಡುಗಡೆ' ಎಂದೇ ಆಹ್ವಾನ ಪತ್ರಿಕೆ ಹಂಚುತ್ತಾರೆ. ಗಣ್ಯರು ವೇದಿಕೆಯಲ್ಲಿ ಬಣ್ಣದ ಕಾಗದ ಹರಿದು ಎತ್ತಿ ಹಿಡಿಯುವುದು ಬರೀ ರಟ್ಟು.

ಮೊನ್ನೆ ಶನಿವಾರ ಸಂಜೆ ರಾಯರ ಮನೆಯಲ್ಲಿ ಅಂತಿಮ ಪರೀಕ್ಷೆ ಏರ್ಪಾಡಾಗಿತ್ತು. ಒಂದೇ ಹಾಡು, ಒಮ್ಮೆ ತಟ್ಟೆಯಲ್ಲಿ, ಒಮ್ಮೆ ಫ್ಲ್ಯಾಕಿನಲ್ಲಿ, ಪರದೆಯ ಹಿಂದಿನಿಂದ. ತೀರ್ಪುಗಾರರು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು. ಕೈ ತೊಳೆದಾಯಿತು, ಲಗ್ನಪತ್ರಿಕೆ ತುರುಕಿದ್ದಾಯಿತು, ಮುಳ್ಳು ತೂಗಿದ್ದಾಯಿತು, ಅಳಿಯನ ಹತ್ತು ಕೇಬಲ್ಲುಗಳೂ ಸಿಕ್ಕಿಸಿಯಾದವು. ಕರೆಂಟು ಹೋಯಿತು.

ಅರ್ಧ ಗಂಟೆ ಕಾದರು. ಹೆಡ್‌ಮಾಸ್ಟರು ಮೊಂಬತ್ತಿ ಬೆಳಕಿನಲ್ಲಿ ಕಾಫಿ ಮುಗಿಸಿ ಹೊರಟರು. ಆಗ ರಾಯರು ಮಂಚದ ಕೆಳಗಿನಿಂದ ನಾಯಿ ಮಾರ್ಕಿನ ಹಳೆಯ ಪೆಟ್ಟಿಗೆ ಗ್ರಾಮಫೋನನ್ನು ಎಳೆದು, ಹಿಡಿಕೆ ಸಿಕ್ಕಿಸಿ, ಬಾವಿಯಿಂದ ನೀರು ಸೇದುವವರ ಹಾಗೆ ಕೀಲಿ ಕೊಟ್ಟರು. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ. ಗದಗದಲ್ಲಿ ಭೀಮಸೇನ ಜೋಶಿ ಎಂಬ ಹನ್ನೊಂದರ ಹುಡುಗ ಇದೇ ಹಾಡನ್ನು ತಟ್ಟೆಯಲ್ಲಿ ಕೇಳಿ, ಹೀಗೆ ಹಾಡಲು ಕಲಿಯಬೇಕೆಂದು 1933ರಲ್ಲಿ ಮನೆ ಬಿಟ್ಟು ಹೊರಟದ್ದು. ಈ ಸಲ ರಾಯರು ಆ ಕಥೆ ಹೇಳಲಿಲ್ಲ. ಕೈ ತೊಳೆಯುವುದನ್ನೂ ಮರೆತಿದ್ದರು. ಮೂರು ನಿಮಿಷ ಚರಚರದ ಆಚೆಯಿಂದ ಆ ಸಣ್ಣ, ಚೂಪು ದನಿ ಬಂತು. ನಡುವೆ ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸೀಟಿ ಹಾಕಿತು. ಕತ್ತಲಲ್ಲಿ ಅಳಿಯ ಫೋನನ್ನು ಗ್ರಾಮಫೋನಿನ ಬಾಯಿಯ ಹತ್ತಿರ ಹಿಡಿದು ರೆಕಾರ್ಡ್ ಮಾಡಿಕೊಳ್ಳುತ್ತಿದ್ದುದನ್ನು ರಾಯರು ನೋಡಿದರು, ಏನೂ ಅನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಐದೂವರೆಗೆ ಅಳಿಯನ ಫೋನಿಗೆ ರಾಯರ ಮೆಸೇಜು ಬಂತು: "ರಾತ್ರಿದು ಕಳಿಸು. ವಾಕಿಂಗ್‌ಗೆ ಬೇಕು."

ರಾತ್ರಿ ಒಂದು ಗಂಟೆವರೆಗೆ ಕೂತು ಸಾಫ್ಟ್‌ವೇರಿನಲ್ಲಿ ತೊಳೆದು, ಸೋಸಿ, ಥಳಥಳ ಮಾಡಿಟ್ಟಿದ್ದ ಫೈಲನ್ನು ಅಳಿಯ ಹೆಮ್ಮೆಯಿಂದ ಕಳಿಸಿದ. ಹತ್ತು ನಿಮಿಷದಲ್ಲಿ ಉತ್ತರ ಬಂತು.

"ಚರಚರ ಎಲ್ಲಿ? ಕುಕ್ಕರೂ ಇಲ್ಲ. ಇದು ಎಂಪಿತ್ರೀ ಇರಬೇಕು. ಆ ಫ್ಲ್ಯಾಕೋ ಗೀಕೋ ಅಂತೀಯಲ್ಲ, ಏನೂ ಎಸೆಯದೇ ಇರೋದು, ಅದರಲ್ಲಿ ಕಳಿಸು."