ಸಮಯವಿದ್ದರೆ ಸಾಂಸ್ಕೃತಿಕ ಕಾರ್ಯಕ್ರಮ

ಜನಪದ ಸಂಸ್ಕೃತಿ ಮುಂದಿನ ಪೀಳಿಗೆಗೆ ದಾಟಬೇಕು ಎನ್ನುವುದರಲ್ಲಿ ನಮ್ಮಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ದಾಟಿಸುವ ವಿಧಾನವೂ ಪಕ್ಕಾ ಆಗಿದೆ. ಮೊದಲು ಅದರ ಬಗ್ಗೆ ಭಾಷಣ, ಆಮೇಲೆ ಇನ್ನೊಂದು ಭಾಷಣ, ಊಟ. ಸಮಯ ಉಳಿದರೆ ಸಂಸ್ಕೃತಿ.

ಯಾವುದಾದರೂ ಜಾನಪದ ಉತ್ಸವದ ಆಹ್ವಾನ ಪತ್ರಿಕೆ ಬಿಡಿಸಿ ನೋಡಿ. ಉದ್ಘಾಟನೆ, ಘನ ಉಪಸ್ಥಿತಿ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು. ಒಬ್ಬರ ಹೆಸರು ಒಂದು ಸಾಲು ಕೆಳಗಿಳಿದರೆ ಶಿಷ್ಟಾಚಾರ ಉಲ್ಲಂಘನೆಯಾಗಿ ಪತ್ರಿಕೆಯನ್ನೇ ಮತ್ತೆ ಅಚ್ಚು ಹಾಕಿಸಬೇಕು. ಹಾಡುವವರ ವಿಷಯದಲ್ಲಿ ಈ ತಾಪತ್ರಯವಿಲ್ಲ, ಅವರ ಹೆಸರು 'ಮತ್ತು ತಂಡದವರು'.

ಹತ್ತಕ್ಕೆ ಬರಬೇಕಾದ ಸಾಹೇಬರು ಒಂದಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಡೊಳ್ಳಿನವರು ಡೊಳ್ಳು ಹೊತ್ತುಕೊಂಡೇ ಗೇಟಿನ ಬಳಿ ಬಿಸಿಲಲ್ಲಿ ನಿಂತಿರಬೇಕು. ಕಾರಿನಿಂದ ವೇದಿಕೆಯವರೆಗಿನ ಐವತ್ತು ಹೆಜ್ಜೆ ಅವರ ರಂಗಭೂಮಿ. ಪೇಟ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಮುಗಿದ ಮೇಲೆ ಗಣ್ಯರು ಮಾತಿಗೆ ನಿಲ್ಲುತ್ತಾರೆ. ಇಂದಿನ ಮಕ್ಕಳು ಮೊಬೈಲ್ ಬಿಟ್ಟು ನಮ್ಮ ಸೊಗಡನ್ನು ಉಳಿಸಬೇಕು ಎಂದು ಮೊಬೈಲ್ ನೋಡಿಕೊಂಡು ಓದುತ್ತಾರೆ.

ಕೊನೆಗೆ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಸರದಿ. ಮಂಟೇಸ್ವಾಮಿ ಕಾವ್ಯವೆಂದರೆ ರಾತ್ರಿಯಿಡೀ ಹಾಡುವಂಥದ್ದು. ಅದನ್ನು ಕಲಿಯುವ ದಾರಿಯೂ ಅಷ್ಟೇ ಉದ್ದ. ದೀಕ್ಷೆ ಪಡೆದ ಹುಡುಗ ಮುಖ್ಯವಾಗಿ ಹಾಡುವ ಮುಮ್ಮೇಳದವರ ಹಿಂದೆ ಕೂತು ಅವರು ಬಿಟ್ಟ ಸಾಲನ್ನು ಎತ್ತಿಕೊಳ್ಳುತ್ತಾನೆ. ಇಂದು ಬಿಟ್ಟದ್ದು ಮುಂದಿನ ಜಾತ್ರೆಯಲ್ಲಿ ಸಿಗುತ್ತದೆ. ಎಲ್ಲಿ ಮಾತಾಡಬೇಕು, ಎಲ್ಲಿ ಹಾಡಬೇಕು, ನಿದ್ದೆ ತೂಗುವ ಜನರನ್ನು ಯಾವ ತಮಾಷೆಯಿಂದ ಎಬ್ಬಿಸಬೇಕು ಎನ್ನುವುದೆಲ್ಲ ಆ ರಾತ್ರಿಗಳಲ್ಲೇ ಮೈಗೂಡುವುದು. ನಮ್ಮ ನಿರೂಪಕಿಗೆ ಈ ಉಸಾಬರಿಯಿಲ್ಲ. "ಸಮಯದ ಅಭಾವದಿಂದ ಹತ್ತು ನಿಮಿಷದಲ್ಲಿ ಮುಗಿಸಿಕೊಡಬೇಕಾಗಿ ವಿನಂತಿ" ಎಂದು ಚೀಟಿ ಕಳಿಸುತ್ತಾಳೆ. ಹಿರಿಯ ಗಾಯಕರು ತಂಬೂರಿಯ ಶ್ರುತಿ ಸರಿಮಾಡಿ, ಗುರುವಿಗೆ, ದೈವಕ್ಕೆ ಶರಣೆಂದು ಮುಗಿಸುವಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ. ಹೀಗಾಗಿ ನಮ್ಮ ಸಭಿಕರಿಗೆ ಮಂಟೇಸ್ವಾಮಿಯ ಕಥೆ ಪ್ರಾರ್ಥನೆಯವರೆಗೆ ಬಾಯಿಪಾಠ.

ಶಾಲೆಗಳು ಇನ್ನೂ ಮುಂದೆ. ವಾರ್ಷಿಕೋತ್ಸವದಲ್ಲಿ ಮಾದಪ್ಪನ ಹಾಡಿಗೆ ಕಂಸಾಳೆ ಕುಣಿತ. ಕೈಯಲ್ಲಿರುವುದು ಬಂಗಾರದ ಬಣ್ಣದ ಕಾಗದ ಅಂಟಿಸಿದ ರಟ್ಟಿನ ಕಂಸಾಳೆ. ಕಂಚಿನದಾದರೆ ತಾಳ ತಪ್ಪಿದ್ದು ಊರಿಗೆಲ್ಲ ಕೇಳಿಸಿಬಿಡುತ್ತದಲ್ಲ! ಸದ್ದು ಪೆನ್‌ಡ್ರೈವ್‌ನಲ್ಲಿದೆ, ಭಕ್ತಿ ಮೇಕಪ್‌ನವರ ಕೈಯಲ್ಲಿದೆ. ಅಪ್ಪಅಮ್ಮಂದಿರು ಎದ್ದು ನಿಂತು ವಿಡಿಯೊ ಮಾಡುವುದರಿಂದ ಹಿಂದಿನ ಸಾಲಿನ ಅಜ್ಜಿಗೆ ಏನೂ ಕಾಣಿಸುವುದಿಲ್ಲ. ಆ ಹಾಡು ಪೂರ್ತಿ ಗೊತ್ತಿರುವುದು ಅವಳೊಬ್ಬಳಿಗೇ ಇರಬಹುದು. ಅವಳನ್ನು ಕೇಳಿದವರಿಲ್ಲ.

ಹಾಡುವವರು ತೀರಿಕೊಂಡಾಗ ಮಾತ್ರ ನಾವು ಚುರುಕು. ಅಕ್ಷರ ಕಲಿಯದೆ, ತಾಯಿಯ ಬಾಯಿಂದ ಕೇಳಿ ಹಾಲಕ್ಕಿ ಸಮುದಾಯದ ಹಾಡುಗಳನ್ನು ಕಲಿತ ಅಂಕೋಲಾದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡಾಗ ಅವರ ಒಂದು ಹಾಡನ್ನೂ ಕೇಳದವರ ಸ್ಟೇಟಸ್‌ನಲ್ಲೂ 'ತುಂಬಲಾರದ ನಷ್ಟ'. ತುಂಬಲಾಗದು ಎಂದು ನಾವೇ ತೀರ್ಪು ಕೊಟ್ಟುಬಿಟ್ಟರೆ ತುಂಬುವ ಕೆಲಸ ಯಾರ ತಲೆಗೂ ಬರುವುದಿಲ್ಲ.

ಇಲ್ಲಿ ಕೆಲಸ ಮಾಡಿದವರೇ ಇಲ್ಲ ಎಂದಲ್ಲ. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರರಂಥವರು ಹಾಡುವವರಿದ್ದಲ್ಲಿಗೇ ಹೋಗಿ ಮಂಟೇಸ್ವಾಮಿ, ಮಾದಪ್ಪನ ಕಥೆಗಳಂಥ ಮಹಾಕಾವ್ಯಗಳನ್ನು ಬರೆದುಕೊಂಡರು. ಎಚ್.ಎಲ್. ನಾಗೇಗೌಡರು ಐ.ಎ.ಎಸ್. ಅಧಿಕಾರಿಯಾಗಿದ್ದವರು, ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಇವರ ಗುಟ್ಟು ಇಷ್ಟೇ: ಎದುರಿನವರು ಹಾಡುವಾಗ ಬಾಯಿ ಮುಚ್ಚಿಕೊಂಡು ಕೂತಿದ್ದರು. ಈ ವಿದ್ಯೆ ಮಾತ್ರ ಮುಂದಿನ ಪೀಳಿಗೆಗೆ ದಾಟಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಸಂಜೆ ಐದಕ್ಕೆ ಉದ್ಘಾಟನೆ ಎಂದಿದ್ದರೆ ಮನೆಯಲ್ಲೇ ಊಟ ಮುಗಿಸಿ ಒಂಬತ್ತೂವರೆಗೆ ಹೋಗಿ. ಗಣ್ಯರು ಹೊರಟಿರುತ್ತಾರೆ, ಸೋಫಾ ಖಾಲಿಯಿರುತ್ತದೆ, ಶಾಮಿಯಾನದವನು ಕುರ್ಚಿ ಪೇರಿಸಲು ಶುರುಮಾಡಿರುತ್ತಾನೆ. ಅವನಿಗೆ ಒಂದು ಟೀ ಕೊಡಿಸಿ, ಮುಂದಿನ ಸಾಲಿನಲ್ಲೇ ಕೂತು, "ಪೂರ್ತಿ ಹಾಡಿ, ಸ್ವಾಮಿ" ಅನ್ನಿ.