ಪೋಲೊಗೆ ಎಣ್ಣೆ ಬಡಿಸಿದ್ದು

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಗಿಂಡಿಯೊಂದು ಹೊತ್ತಿಕೊಂಡಿದ್ದನ್ನು ಮೊದಲು ಕಂಡವರು ಅತ್ತೆ. ಸ್ಟಟ್‌ಗಾರ್ಟಿನ ಇಂಡಿಯನ್ ಅಂಗಡಿಯಿಂದ ಹುಣಸೆಹಣ್ಣು ತರುತ್ತಿದ್ದೆವು. "ಇದೇನಪ್ಪಾ, ಪೂಜೆ ಗಿಂಡಿ ಮಿನುಗ್ತಿದೆ?" ಅಂದರು. ನಮ್ಮ ಪೋಲೊದಲ್ಲಿ ಅದು ಎಂಜಿನ್ ಆಯಿಲ್ ತಗ್ಗಿದ ಸೂಚನೆ. ಅದೇ ಗಿಂಡಿ ಕೆಂಪಗಾದರೆ ಆಯಿಲಿನ ಒತ್ತಡವೇ ಬಿದ್ದಿದೆ ಎಂದರ್ಥ. ಆಗ ಮನೆ ಮುಟ್ಟೋಣ ಎನ್ನದೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಹಳದಿಗೆ ಅಷ್ಟು ಗಾಬರಿ ಬೇಡ. ಇದು ನನಗೆ ಗೊತ್ತು, ಹಿಂದಿನ ಸೀಟಿನಲ್ಲಿದ್ದ ಮಾವನವರಿಗೆ ಗೊತ್ತಿಲ್ಲ.

ಮಾವ ಬಸವನಗುಡಿಯಲ್ಲಿ ಮೂವತ್ತು ವರ್ಷ ಬಜಾಜ್ ಚೇತಕ್ ಓಡಿಸಿದವರು. ಬಂಕಿನಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸಿ, ಸ್ಟಾರ್ಟ್ ಆಗದ ದಿನ ಗಾಡಿಯನ್ನು ಪಕ್ಕಕ್ಕೆ ವಾಲಿಸಿ ಎಬ್ಬಿಸುತ್ತಿದ್ದವರು. ಪೋಲೊವನ್ನು ವಾಲಿಸಲು ಬರುವುದಿಲ್ಲ ಎಂಬುದೊಂದೇ ಅವರ ಬೇಸರ.

ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ, "5ಡಬ್ಲ್ಯೂ-30, ಜತೆಗೆ 504 00 ಅಂತ ಬರೆದಿರೋದೇ ಬೇಕು" ಅಂದೆ.

"ಎಣ್ಣೆ ಕೇಳಿದ್ರೆ ಬಿಎಂಟಿಸಿ ಬಸ್ ನಂಬರ್ ಹೇಳ್ತೀರಲ್ರೀ!"

ಮೊದಲಿನದು ಎಣ್ಣೆಯ ಮಂದ, ಎರಡನೆಯದು ಫೋಕ್ಸ್‌ವ್ಯಾಗನ್ನಿನ ಒಪ್ಪಿಗೆ. ಮಂದ ಒಂದೇ ಆದರೂ ಒಪ್ಪಿಗೆ ಬೇರೆ ಇರಬಹುದು. ಸಾರಿನಪುಡಿಯೂ ಹುಳಿಪುಡಿಯೂ ಬಣ್ಣದಲ್ಲಿ ಒಂದೇ ಅಲ್ಲವೇ? ಒಂದು ಲೀಟರ್ ಸಾಕಿತ್ತು. ಉಳಿತಾಯವೆಂದು ಮಾವ ಐದು ಲೀಟರಿನ ಡಬ್ಬ ಎತ್ತಿಸಿದರು.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಿಸಿ ಎಂಜಿನ್ ಆರಿಸಿ, ನಾಲ್ಕಾರು ನಿಮಿಷ ಬಿಟ್ಟು ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡಬೇಕು. ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಹೆಚ್ಚುಕಡಿಮೆ ಒಂದು ಲೀಟರ್. ಅಷ್ಟು ಹೇಳುವಷ್ಟರಲ್ಲಿ ಆಫೀಸಿನ ಫೋನ್ ಬಂತು. ಮುಗಿಸಿ ಬಂದರೆ ಸುಮಾರು ಎರಡು ಲೀಟರ್ ಒಳಗಿದೆ.

"ಮೇಲಿನ ಗೆರೆ ದಾಟಿದೆ ಮಾವ..."

"ಎಲೆ ಮುಂದೆ ಕೂತೋರು ಸಾಕು ಅಂದ ತಕ್ಷಣ ಸೌಟು ಎತ್ತಿಬಿಡ್ತಾರೇನ್ರೀ?"

ಬೀಗರೂಟದ ಈ ನ್ಯಾಯ ಎಂಜಿನ್ನಿಗೆ ಒಗ್ಗುವುದಿಲ್ಲ. ಎಣ್ಣೆ ಹೆಚ್ಚಾದರೆ ಕ್ರ್ಯಾಂಕ್‌ಶಾಫ್ಟ್ ಅದನ್ನು ಕಡೆಗೋಲಿನಂತೆ ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಲೋಹದ ಸವೆತವನ್ನು ತಡೆಯದು. ಸುಟ್ಟ ಎಣ್ಣೆ ಹೊಗೆಯ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸಬಹುದು. ಕಡೆಗೋಲು ಅಂದದ್ದೇ ಅತ್ತೆಗೆ ಎಲ್ಲ ಅರ್ಥವಾಯಿತು. ಮಾವನನ್ನು ನೋಡಿದ ಅವರ ನೋಟ ಮಾತ್ರ ಇಲ್ಲಿ ಬರೆಯುವಂಥದ್ದಲ್ಲ.

ಕಾರನ್ನು ಸ್ಟಾರ್ಟ್ ಮಾಡದೆ ಪಕ್ಕದ ಬೀದಿಯ ಮೆಕ್ಯಾನಿಕ್ಕನ್ನು ಕರೆಸಿದೆ. ಕಡ್ಡಿಯ ತೂತಿಗೇ ಕೊಳವೆ ಇಳಿಬಿಟ್ಟು ಪಂಪಿನಿಂದ ಹೆಚ್ಚುವರಿ ಎಣ್ಣೆ ಹೀರಿ ತೆಗೆದ. ಹಾಕಿದ್ದು ಯಾರು ಎಂದು ಜರ್ಮನ್‌ನಲ್ಲಿ ಕೇಳಿದ. ಮಾವ ಪಕ್ಕದಲ್ಲೇ ಇದ್ದರು. "ನಾನೇ" ಅಂದೆ.

"ಏನಂತೆ?"

"ಒಳ್ಳೇ ಎಣ್ಣೆ ಅಂತೆ, ಮಾವ."

ಬೇಡವೆಂದರೂ ಮಾವ ಆ ಎಣ್ಣೆಯನ್ನು ಎಳ್ಳೆಣ್ಣೆ ಬಾಟಲಿಗೆ ತುಂಬಿಸಿಕೊಂಡರು, ಬಾಗಿಲ ಕೀಲಿಗಾದೀತೆಂದು. ಅವರು ಊರಿಗೆ ಮರಳಿದರು, ಬಾಟಲಿ ಬಾಲ್ಕನಿಯಲ್ಲಿದೆ. ಚರಂಡಿಗೆ ಸುರಿಯುವಂತಿಲ್ಲ. ಎಂಜಿನ್ ಆಯಿಲ್ ಮಾರಿದ ಅಂಗಡಿಯೇ ಅಷ್ಟೇ ಪ್ರಮಾಣದ ಹಳೆ ಎಣ್ಣೆಯನ್ನು ಪುಕ್ಕಟೆಯಾಗಿ ವಾಪಸ್ ಪಡೆಯಬೇಕೆಂದು ಜರ್ಮನಿಯ ಕಾನೂನು. ಆದರೆ ರಸೀದಿ ತೋರಿಸಬೇಕು. ಅದರ ಹಿಂಬದಿಯಲ್ಲಿ ಮಾವ ಯೂರೋವನ್ನು ರೂಪಾಯಿಗೆ ಗುಣಿಸಿ, ಮಡಚಿ, ಜೇಬಿನಲ್ಲಿಟ್ಟುಕೊಂಡು ಹೋಗಿದ್ದಾರೆ. ಬಸವನಗುಡಿ ಕಡೆಯಿಂದ ಸ್ಟಟ್‌ಗಾರ್ಟಿಗೆ ಬರುವವರಿದ್ದರೆ ದಯವಿಟ್ಟು ಇಸಿದುಕೊಂಡು ಬನ್ನಿ. ಜತೆಗೆ ಅರ್ಧ ಕೆಜಿ ಸಾರಿನಪುಡಿ.