ಐದು ಕಾಲಿನ ಯಾತ್ರಿಕರು

ಕೆನಡಾದ ಬ್ಯಾನ್ಫ್ ಊರಿನಲ್ಲಿ ಡಿಸೆಂಬರ್ ತಿಂಗಳ ಸೂರ್ಯ ಎದ್ದು ಬರುವುದೇ ಬೆಳಿಗ್ಗೆ ಎಂಟೂವರೆಯ ಮೇಲೆ. ಸಂಜೆ ನಾಲ್ಕೂವರೆಯ ಹೊತ್ತಿಗೆ ಅವನ ಡ್ಯೂಟಿ ಮುಗಿದುಹೋಗುತ್ತದೆ. ಸೂರ್ಯೋದಯದ ಫೋಟೊ ಬೇಕೆನ್ನುವವರು ಆರಾಮಾಗಿ ಎದ್ದು, ತಿಂಡಿ ತಿಂದು, ಎರಡನೇ ಕಾಫಿಯನ್ನೂ ಮುಗಿಸಿ ಹೊರಡಬಹುದು. ಇವರು ಮಾತ್ರ ಐದು ಗಂಟೆಗೇ ತಯಾರು. ಹೋಟೆಲಿನ ಲಾಬಿಯಲ್ಲಿ ಬೆನ್ನಿಗೆ ಚೀಲ, ಹೆಗಲಿಗೆ ಟ್ರೈಪಾಡ್, ಹಣೆಗೆ ಟಾರ್ಚು ಕಟ್ಟಿಕೊಂಡು ನಿಂತಿರುತ್ತಾರೆ. ವ್ಯಾನು ಹೊರಡುವುದು ಏಳೂಕಾಲಿಗೆ ಎಂದು ಗೈಡು ಹಿಂದಿನ ರಾತ್ರಿಯೇ ಹೇಳಿದ್ದಾನೆ. ಹೇಳಿದರೇನಂತೆ? "ಲೈಟ್ ಮಿಸ್ ಆಗಬಾರದಲ್ವಾ" ಎನ್ನುತ್ತಾರೆ. ಕಿಟಕಿಯಾಚೆ ಇರುವುದು ಲಾಬಿಯ ಲೈಟಿನ ನೆರಳು ಮಾತ್ರ.

ರಾಕಿ ಪರ್ವತಗಳ ಚಳಿಗಾಲದ ಫೋಟೊಗ್ರಫಿ ಟೂರುಗಳಲ್ಲಿ ಇವರಿಲ್ಲದ ವ್ಯಾನು ಇಲ್ಲ. ವಾರವೊಪ್ಪತ್ತಿನ ಪ್ರವಾಸ, ಆರೆಂಟು ಜನ, ಒಬ್ಬ ಗೈಡು. ಇವರು ಟೆಕ್ಸಾಸಿನ ಹಲ್ಲಿನ ಡಾಕ್ಟರಾಗಿರಬಹುದು, ಟೊರಾಂಟೊದ ನಿವೃತ್ತ ಬ್ಯಾಂಕ್ ಅಧಿಕಾರಿಯಾಗಿರಬಹುದು, ಜಯನಗರದಲ್ಲಿ ಬೆಳೆದು ಈಗ ಸಿಯಾಟಲ್‌ನಲ್ಲಿ ಕೋಡ್ ಬರೆಯುವವರೂ ಆಗಿರಬಹುದು. ಯಾವ ದೇಶದವರಾದರೂ ಕುಲ ಒಂದೇ. ಕಬಿನಿಯ ಸಫಾರಿ ಜೀಪಿನಲ್ಲಿ ಎಲೆಬಣ್ಣದ ಅಂಗಿ ತೊಟ್ಟು ಮೊಳದುದ್ದದ ಲೆನ್ಸ್ ಹಿಡಿದು ಕೂರುತ್ತಾರಲ್ಲ, ಅವರ ದಾಯಾದಿಗಳು ಇವರು. ಹುಲಿ ಕಾಣದಿದ್ದರೆ ಡ್ರೈವರನ್ನು ಬೈಯುವ ಅನುಕೂಲ ಅವರಿಗಿದೆ. ಬೆಟ್ಟ ಕಾಣಲಿಲ್ಲವೆಂದು ಇವರು ಯಾರನ್ನು ಬೈಯಬೇಕು? ಅದಕ್ಕೇ ಮೊಬೈಲಿನ ಹವಾಮಾನ ಆ್ಯಪನ್ನು ಬೈಯುತ್ತಾರೆ. ಲೇಕ್ ಲೂಯಿಸ್‌ನಿಂದ ಜಾಸ್ಪರ್‌ವರೆಗಿನ 232 ಕಿಲೋಮೀಟರ್ ಐಸ್‌ಫೀಲ್ಡ್ಸ್ ಪಾರ್ಕ್‌ವೇಯಲ್ಲಿ ಬಹುಪಾಲು ಸಿಗ್ನಲ್ಲೇ ಇಲ್ಲವಾದ್ದರಿಂದ ಅದಕ್ಕೂ ಸಂಚಕಾರ.

ಇವರ ಚೀಲ ತೆರೆಯುವುದು ಒಂದು ಸಮಾರಂಭ. ಎರಡು ಕ್ಯಾಮೆರಾ, ನಾಲ್ಕು ಲೆನ್ಸ್, ಫಿಲ್ಟರುಗಳ ಡಬ್ಬಿ, ಊದಿ ಧೂಳು ಹಾರಿಸುವ ಬ್ಲೋವರ್. ಜೊತೆಗೆ ಬ್ಯಾಟರಿಗಳ ಸಂಸಾರ. ಚಳಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ಅದರ ಶಕ್ತಿ ಕುಸಿಯುತ್ತದೆ. ಬಿಡಿ ಬ್ಯಾಟರಿಗಳನ್ನು ಮೈಗೆ ತಾಗುವಂತೆ ಒಳಜೇಬಿನಲ್ಲಿಟ್ಟುಕೊಳ್ಳಿ ಎಂದು ಗೈಡು ಹೇಳುತ್ತಾನೆ. ಇವರು ಆ ಮಾತನ್ನು ವೇದವಾಕ್ಯವಾಗಿ ತೆಗೆದುಕೊಂಡು, ಕೈ ಕಾಯಿಸಿಕೊಳ್ಳಲೆಂದು ಕೊಟ್ಟ ಬಿಸಿ ಪೊಟ್ಟಣಗಳನ್ನೂ ಬ್ಯಾಟರಿಗಳಿಗೇ ಸುತ್ತುತ್ತಾರೆ. ಮೈನಸ್ 25 ಡಿಗ್ರಿಯಲ್ಲಿ ಬೆರಳುಗಳು ಮರಗಟ್ಟಿ ಗುಂಡಿ ಒತ್ತಲು ಬಾರದಿದ್ದರೂ ಬ್ಯಾಟರಿ ಮಾತ್ರ ಬೆಚ್ಚಗೆ, ನೂರಕ್ಕೆ ನೂರು ತುಂಬಿ ಕೂತಿರುತ್ತದೆ.

ಇವರು ಫೋಟೊ ತೆಗೆಯಲು ಬಂದಿದ್ದಾರೆ ಎಂದುಕೊಂಡರೆ ಅದು ಪೂರ್ತಿ ನಿಜವಲ್ಲ. ಫೋಟೊಗಳನ್ನು ಮನೆಯಲ್ಲೇ, ಬೇರೆಯವರು ತೆಗೆದದ್ದನ್ನು, ತಲೆಯೊಳಗೆ ಫ್ರೇಮು ಹಾಕಿಸಿ ಆಗಿದೆ. ಇಲ್ಲಿಗೆ ಬಂದಿರುವುದು ಅದರ ನಕಲು ಪ್ರತಿಗಾಗಿ. ಮೊದಲ ದಿನವೇ ಪ್ರಶ್ನೆ: "ಮೊರೇನ್ ಲೇಕ್ ಯಾವತ್ತು?" ಹತ್ತು ಶಿಖರಗಳ ಕಣಿವೆಯ ಆ ನೀಲಿ ಸರೋವರ 1969ರ ಸರಣಿಯ ಕೆನಡಾದ 20 ಡಾಲರ್ ನೋಟಿನ ಬೆನ್ನ ಮೇಲೆ ಅಚ್ಚಾಗಿತ್ತು. ಅಲ್ಲಿಗೆ ಹೋಗುವ ರಸ್ತೆ ಅಕ್ಟೋಬರ್ ನಡುವಿನಿಂದ ಮೇ ಕೊನೆಯವರೆಗೆ ಬಂದ್. ಹಿಮಕುಸಿತದ ಅಪಾಯವಿರುವ ದಾರಿ ಅದು. ಹಾಗೆಂದು ಗೈಡು ವಿವರಿಸಿದರೆ ಇವರ ಮುಖ ನೋಡಲಾಗುವುದಿಲ್ಲ.

"ಹೋಗಲಿ, ಪೇಟೊ ಲೇಕ್ ಆದರೂ?"

ಪೇಟೊಗೆ ಹೋಗುತ್ತಾರೆ. ಗೈಡು ಕೈ ತೋರಿಸಿದ ಕಡೆ ಬಿಳಿ ಬೆಟ್ಟಗಳ ನಡುವೆ ಬಿಳಿ ತಟ್ಟೆಯೊಂದು ಕಾಣುತ್ತದೆ. "ನೀಲಿ ಎಲ್ಲಿ?" ಬೇಸಿಗೆಯಲ್ಲಿ ಹಿಮನದಿ ಬಂಡೆಯನ್ನು ಅರೆದು ನುಣ್ಣಗೆ ಮಾಡಿದ ಕಲ್ಲುಹಿಟ್ಟು ಕರಗುನೀರಿನ ಜೊತೆ ಹರಿದು ಬಂದು ಸರೋವರದಲ್ಲಿ ತೇಲುತ್ತದೆ, ಬೆಳಕು ಅದಕ್ಕೆ ತಾಗಿ ಚದುರಿದಾಗ ಆ ಹಸಿರುಮಿಶ್ರಿತ ನೀಲಿ ಬಣ್ಣ. ಈಗ ಕರಗುನೀರೇ ಇಲ್ಲ, ಇದ್ದ ನೀರು ಹೆಪ್ಪುಗಟ್ಟಿದೆ, ಅದರ ಮೇಲೆ ಹಿಮ ಕೂತಿದೆ. ಇವರು ತಲೆಯಾಡಿಸುತ್ತಾರೆ. ನೀಲಿ ಬಣ್ಣವನ್ನು ಗೈಡು ಉದ್ದೇಶಪೂರ್ವಕವಾಗಿ ಬಚ್ಚಿಟ್ಟಿದ್ದಾನೆಂಬ ಗುಮಾನಿ ಆ ವಾರವಿಡೀ ಉಳಿದುಕೊಳ್ಳುತ್ತದೆ.

ಹಿಮದ ನಾಡಿನಲ್ಲಿ ಫೋಟೊಗ್ರಾಫರುಗಳ ಮಹಾಪಾತಕ ಒಂದೇ, ಹೆಜ್ಜೆ. ಹೊಸ ಹಿಮ ಬಿದ್ದ ಮೈದಾನದ ಮೇಲೆ ಒಬ್ಬ ನಡೆದುಹೋದರೆ ಉಳಿದವರ ಚಿತ್ರಗಳಲ್ಲೆಲ್ಲ ಅವನ ಬೂಟಿನ ಸಾಲು. ಇವರು ಎಲ್ಲರಿಗೂ ಎಚ್ಚರಿಕೆ ಕೊಡುತ್ತ, "ಯಾರೂ ಮುಂದೆ ಹೋಗಬೇಡಿ" ಎಂದು ಕೂಗುತ್ತಲೇ, ಇನ್ನೂ ಒಳ್ಳೆಯ ಕೋನಕ್ಕಾಗಿ ಮುಂದೆ ಹೋಗುತ್ತಾರೆ. ವರ್ಮಿಲಿಯನ್ ಸರೋವರಗಳಲ್ಲಿ ಬೆಚ್ಚನೆಯ ಬುಗ್ಗೆಗಳಿಂದಾಗಿ ಒಂದಿಷ್ಟು ಜಾಗ ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ರಂಡಲ್ ಪರ್ವತದ ಬಿಂಬ ಆ ನೀರಿನಲ್ಲಿ ಕಾಣುತ್ತದೆ. ಎಂಟು ಟ್ರೈಪಾಡ್‌ಗಳು ಒಂದಕ್ಕೊಂದು ಕಾಲು ತಗುಲಿಸಿಕೊಂಡು ಅಲ್ಲಿ ಸಾಲಾಗಿ ನಿಲ್ಲುತ್ತವೆ. ಹಿಂದಿನಿಂದ ನೋಡಿದರೆ ಪಡಿತರ ಅಂಗಡಿಯ ಕ್ಯೂ. ಅಷ್ಟೂ ಜನ ನಿರ್ಜನತೆಯ ಚಿತ್ರ ತೆಗೆಯುತ್ತಿದ್ದಾರೆ. ಇವರ ನಿರ್ಜನತೆಯ ಎಡತುದಿಯಲ್ಲಿ ಪಕ್ಕದವರ ಮೊಣಕೈ ಬಂದಿದೆ, ಅದನ್ನು ಮನೆಗೆ ಹೋಗಿ ಅಳಿಸುತ್ತಾರೆ.

ಹಿಮದಲ್ಲಿ ಕ್ಯಾಮೆರಾ ಇವರಿಗಿಂತ ಹೆಚ್ಚು ಗಲಿಬಿಲಿಗೊಳ್ಳುತ್ತದೆ. ಕಣ್ಣೆದುರಿನ ಲೋಕವೆಲ್ಲ ಸರಾಸರಿಗೆ ನಡುಬೂದು ಬಣ್ಣದ್ದು ಎಂದು ಅದರ ಮೀಟರ್ ನಂಬಿಕೊಂಡಿದೆ. ಬಿಳಿಯನ್ನು ಕಂಡೊಡನೆ "ಬೆಳಕು ಅತಿಯಾಯಿತು" ಎಂದು ತೀರ್ಮಾನಿಸಿ ಹಿಮವನ್ನು ಸಿಮೆಂಟಿನ ಬಣ್ಣಕ್ಕೆ ಇಳಿಸುತ್ತದೆ. ಬೆಳಕಿನ ಲೆಕ್ಕವನ್ನು ಒಂದೆರಡು ಸ್ಟಾಪ್ ಏರಿಸಿಕೊಳ್ಳಿ ಎಂದು ಗೈಡು ದಿನಾ ಹೇಳುತ್ತಾನೆ. ಇವರದು ಸಣ್ಣ ಕಾರಿನ ಬೆಲೆಯ ಕ್ಯಾಮೆರಾ, ಅದಕ್ಕೆ ಬುದ್ಧಿ ಹೇಳುವುದೆಂದರೆ ಅವಮಾನ. ಮೂರನೆಯ ದಿನದವರೆಗೂ ರಾಕಿ ಪರ್ವತಗಳು ಬೂದಿ ಬಳಿದುಕೊಂಡೇ ಇರುತ್ತವೆ.

ಪ್ರವಾಸದ ಮುಕುಟಮಣಿ ಏಬ್ರಹಾಂ ಲೇಕ್. ಪಾರದರ್ಶಕ ಹಿಮಗಡ್ಡೆಯೊಳಗೆ ಬಿಳಿ ಗುಳ್ಳೆಗಳು ನಾಣ್ಯಗಳ ಹಾಗೆ ಒಂದರ ಮೇಲೊಂದು ಪೇರಿಸಿ ನಿಂತ ಆ ಚಿತ್ರವನ್ನು ನೋಡದವರು ಕಡಿಮೆ. ನಾರ್ತ್ ಸಸ್ಕ್ಯಾಚೆವನ್ ನದಿಗೆ 1972ರಲ್ಲಿ ಬಿಗ್‌ಹಾರ್ನ್ ಅಣೆಕಟ್ಟು ಕಟ್ಟಿದ್ದರಿಂದ ಹುಟ್ಟಿದ ಜಲಾಶಯ ಇದು. ತಳದಲ್ಲಿ ಮುಳುಗಿದ ಗಿಡಮರ ಕೊಳೆಯುತ್ತದೆ, ಸೂಕ್ಷ್ಮಜೀವಿಗಳು ಅದನ್ನು ತಿಂದು ಮೀಥೇನ್ ಬಿಡುತ್ತವೆ, ಮೇಲೇರುವ ಗುಳ್ಳೆಗಳು ದಪ್ಪವಾಗುತ್ತಿರುವ ಹಿಮಗಡ್ಡೆಯಲ್ಲಿ ಪದರಪದರವಾಗಿ ಸಿಕ್ಕಿಕೊಳ್ಳುತ್ತವೆ. ನೇರವಾಗಿ ಹೇಳಿಬಿಟ್ಟರೆ ಕೆರೆಯ ಅಪಾನವಾಯು. ಅದನ್ನು ಹತ್ತಿರದಿಂದ ಸೆರೆಹಿಡಿಯಲು ಇವರು ಸಾವಿರಾರು ಡಾಲರ್ ಕೊಟ್ಟು ಬಂದು, ಹೊಟ್ಟೆಯ ಮೇಲೆ ಮಲಗಿ, ಮೂಗನ್ನು ಹಿಮಕ್ಕೆ ಒತ್ತಿಕೊಂಡಿದ್ದಾರೆ.

ಅಲ್ಲಿ ಹಿಮ ನಿಲ್ಲದಂತೆ ಗುಡಿಸಿ ಗಾಜಾಗಿಸುವ ಗಾಳಿ ಇವರನ್ನೂ ಗುಡಿಸಲು ನೋಡುತ್ತದೆ. ಬೂಟಿಗೆ ಮೈಕ್ರೋಸ್ಪೈಕ್ ಎಂಬ ಮುಳ್ಳಿನ ಪಟ್ಟಿ ಕಟ್ಟದೆ ಇಳಿದವರು ಟ್ರೈಪಾಡ್ ಸಮೇತ ಜಾರಿಕೊಂಡು ಮುಂದಿನ ಗುಂಪಿಗೆ ಸೇರಿಕೊಳ್ಳುವುದುಂಟು. ತಮಾಷೆಯಲ್ಲದ ಮಾತೂ ಒಂದಿದೆ. ವಿದ್ಯುತ್ತಿಗಾಗಿ ನೀರು ಬಿಡುವುದರಿಂದ ಜಲಾಶಯದ ಮಟ್ಟ ಏರಿಳಿಯುತ್ತದೆ, ಹಾಗಾಗಿ ಹಿಮದ ದಪ್ಪವನ್ನೂ ಗಟ್ಟಿತನವನ್ನೂ ಕಣ್ಣಳತೆಯಲ್ಲಿ ನಂಬುವಂತಿಲ್ಲ. ಗೈಡು ಮೊದಲು ಮುಂದೆ ಹೋಗಿ ತೂತು ಕೊರೆದು ಅಳೆಯುತ್ತಾನೆ. ಕಾಲ ಕೆಳಗೆ ಹಿಮ ಬಿರುಕು ಬಿಟ್ಟು ಗುಡುಗಿದಾಗ ಇಡೀ ವಾರದಲ್ಲಿ ಮೊದಲ ಬಾರಿಗೆ ಇವರು ಕ್ಯಾಮೆರಾ ಬಿಟ್ಟು ಗೈಡಿನ ಮುಖ ನೋಡುತ್ತಾರೆ.

ಲೇಕ್ ಲೂಯಿಸ್ ಹತ್ತಿರದ ಮೊರಾಂಟ್ಸ್ ಕರ್ವ್ ಇವರ ತಾಳ್ಮೆಯ ಪರೀಕ್ಷೆ. ಕೆನೇಡಿಯನ್ ಪೆಸಿಫಿಕ್ ರೈಲ್ವೆಗಾಗಿ ದಶಕಗಳ ಕಾಲ ಫೋಟೊ ತೆಗೆದ ನಿಕೊಲಸ್ ಮೊರಾಂಟ್ ಹೆಸರಿನ ತಿರುವು ಅದು. ಬೋ ನದಿಯ ಪಕ್ಕ ಬಾಗುವ ಹಳಿ, ಹಿಂದೆ ಶಿಖರಗಳು, ನಡುವೆ ಗೂಡ್ಸ್ ರೈಲು ಬರಬೇಕು. ಗೂಡ್ಸ್ ರೈಲಿಗೆ ಎಂಥ ಟೈಂಟೇಬಲ್ಲು? ಒಂದೂವರೆ ಗಂಟೆ ಕಾದು, ವ್ಯೂಫೈಂಡರ್ ಮೇಲೆ ಉಸಿರು ಹರಳುಗಟ್ಟಿ, ಅದನ್ನು ಒರೆಸಲು ಗ್ಲೌಸ್ ತೆಗೆದ ಘಳಿಗೆಯಲ್ಲೇ ರೈಲು ಬಂದು ಹೋಗುತ್ತದೆ.

ಬ್ಯಾನ್ಫ್‌ನವನೇ ಆದ ಬೈರನ್ ಹಾರ್ಮನ್‌ನ ಕಥೆಯನ್ನು ಗೈಡು ಹೇಳುವುದು ಇಂಥ ಹೊತ್ತಿನಲ್ಲೇ. 1906ರಲ್ಲಿ ಹುಟ್ಟಿದ ಆಲ್ಪೈನ್ ಕ್ಲಬ್ ಆಫ್ ಕೆನಡಾದ ಅಧಿಕೃತ ಫೋಟೊಗ್ರಾಫರ್ ಆಗಿದ್ದ ಆತ, 1924ರಲ್ಲಿ ಕುದುರೆಗಳ ಮೇಲೆ ಕ್ಯಾಮೆರಾಗಳನ್ನು ಹೇರಿಸಿಕೊಂಡು ಕೊಲಂಬಿಯಾ ಹಿಮಕ್ಷೇತ್ರದ ಕಡೆ ಹೊರಟವನು; ಆ ಶಿಖರಗಳು ಮೋಡದಿಂದ ಹೊರಬರಲಿ ಎಂದು ಬಿಡಾರ ಹೂಡಿ ಕಾದವನು. ಇವರು ಗೌರವದಿಂದ ಕೇಳಿ, ಕೊನೆಗೆ ಕೇಳುವ ಪ್ರಶ್ನೆ: "ಯಾವ ಲೆನ್ಸ್ ಬಳಸಿದ್ದನಂತೆ?"

ರಾತ್ರಿ ಕೋಣೆಗೆ ಬಂದ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬೇಕು, ಇಲ್ಲದಿದ್ದರೆ ಒಳಗಿನ ಬೆಚ್ಚನೆಯ ಗಾಳಿಯ ತೇವ ತಣ್ಣನೆಯ ಗಾಜಿನ ಮೇಲೆ ನೀರಾಗಿ ಇಳಿಯುತ್ತದೆ. ಆ ಹೊತ್ತಿಗೆ ಸಿಯಾಟಲ್‌ನಿಂದ ಹೆಂಡತಿಯ ಫೋನು.

"ಏನ್ ತೆಗೆದ್ರಿ ಇವತ್ತು?"

"ಬೆಟ್ಟ ಕಣೇ. ಕೆರೆ."

"ನಿನ್ನೇನೂ ಅದೇ ಅಂದ್ರಲ್ಲ?"

"ಅಯ್ಯೋ, ನಿನ್ನೆ ಲೈಟ್ ಬೇರೆ ಇತ್ತು."

ಅದು ಮಾತ್ರ ಸುಳ್ಳಲ್ಲ. 51 ಡಿಗ್ರಿ ಅಕ್ಷಾಂಶದ ಆ ಊರಿನಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ದಿಗಂತದಿಂದ ಮೇಲೇರುವುದು 15 ಡಿಗ್ರಿಯಷ್ಟೇ; ಬೆಳಕು ದಿನವಿಡೀ ಓರೆಯಾಗಿ ಬಿದ್ದು ಹಿಮದ ಪ್ರತಿ ಮಡಿಕೆಗೂ ನೆರಳು ಕೊಡುತ್ತದೆ. ಇದನ್ನು ಗಮನಿಸುವ ತಾಳ್ಮೆ ಇವರಿಗಿದೆ ಎನ್ನುವುದನ್ನು ಒಪ್ಪಲೇಬೇಕು. ಸೆಲ್ಫಿ ತೆಗೆದು ಐದು ನಿಮಿಷಕ್ಕೆ ಬಸ್ಸು ಹತ್ತುವವರ ನಡುವೆ ಎರಡು ಗಂಟೆ ಒಂದೇ ಬೆಟ್ಟವನ್ನು ನೋಡುತ್ತ ನಿಲ್ಲುವವರು ಇವರೊಬ್ಬರೇ.

ಚಳಿಗಾಲದಲ್ಲಿ ಆ ಕಡೆ ಹೋಗುವ ಆಲೋಚನೆಯಿದ್ದರೆ ಎರಡು ಪದರದ ಗ್ಲೌಸ್, ಮೈಕ್ರೋಸ್ಪೈಕ್, ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಡ್ರೋನ್ ಮನೆಯಲ್ಲೇ ಬಿಡಿ, ರಾಷ್ಟ್ರೀಯ ಉದ್ಯಾನಗಳಲ್ಲಿ ಅದಕ್ಕೆ ನಿಷೇಧವಿದೆ. ವ್ಯಾನಿನ ಮುಂದಿನ ಸೀಟಿನ ಆಸೆಯನ್ನೂ ಬಿಡಿ, ಅದರಲ್ಲಿ ಬೆಳಗಿನ ಐದರಿಂದ ಇವರ ಚೀಲ ಕೂತಿರುತ್ತದೆ.